ಸೊಟ್ಟ ಜಡೆ

ಮಾನಿಟರ್ ಕಿರುಚಿಕೊಂಡಾಗ ಲಿಫ್ಟ್ ಮೆಕ್ಯಾನಿಕ್‌ನ ಜೀವ ಬಾಯಿಗೆ ಬಂತು. ಮಗಳ ರಕ್ತದಲ್ಲಿನ ಆಮ್ಲಜನಕ ತೋರಿಸುವ ಅಂಕಿ ತೊಂಬತ್ತೇಳರಿಂದ ಸರ್ರನೆ ಅರವತ್ತಕ್ಕೆ ಇಳಿದಿತ್ತು. ಕುರ್ಚಿ ಬೀಳಿಸಿಕೊಂಡು ಎದ್ದವನಿಗೆ "ಸಿಸ್ಟರ್, ಅರವತ್ತು" ಎನ್ನುವುದನ್ನು ಬಿಟ್ಟು ಬೇರೆ ಮಾತೇ ಹೊರಡಲಿಲ್ಲ.

ವಾರ್ಡಿನವರೆಲ್ಲ ದೊಡ್ಡಕ್ಕ ಎಂದು ಕರೆಯುವ ಹಿರಿಯ ನರ್ಸ್ ಮಂಚದ ಬಳಿ ಓಡಿಬಂದರು. ಆದರೆ ಆ ಅರವತ್ತರ ಕಡೆ ಅವರು ತಿರುಗಲಿಲ್ಲ. ಮಗುವಿನ ತುಟಿಯ ಬಣ್ಣ ನೋಡಿದರು, ಎದೆ ಏರಿಳಿಯುವುದನ್ನು ನೋಡಿದರು, ಕೈಬೆರಳಿನ ಉಗುರನ್ನು ಒತ್ತಿ ಬಿಟ್ಟು ಕೆಂಪು ಮರಳುವುದನ್ನು ನೋಡಿದರು. ಆಮೇಲೆ ಹೊದಿಕೆ ಸರಿಸಿ, ಕಾಲ್ಬೆರಳಿನಿಂದ ಜಾರಿದ್ದ ಕ್ಲಿಪ್ಪನ್ನು ಮತ್ತೆ ಸಿಕ್ಕಿಸಿದರು. ಅಂಕಿ ಮರ್ಯಾದೆಯಿಂದ ತೊಂಬತ್ತೇಳಕ್ಕೆ ಬಂದು ನಿಂತಿತು.

"ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋರು ನೀವು," ಎಂದರು ದೊಡ್ಡಕ್ಕ, ಬಿದ್ದ ಕುರ್ಚಿಯನ್ನು ಎತ್ತುತ್ತಾ. "ಲಿಫ್ಟಿನ ಬಾಗಿಲು ತೆಗೀತು, ಬೋರ್ಡ್ ಮೇಲೆ ಮೂರು ಅಂತ ಬಂತು ಅಂತಿಟ್ಕೊಳ್ಳಿ. ಕಣ್ಣು ಮುಚ್ಕೊಂಡು ಕಾಲಿಡ್ತೀರಾ?"

"ಇಡಲ್ಲ. ಒಳಗೆ ಲಿಫ್ಟ್ ಇದೆಯಾ ಅಂತ ಮೊದ್ಲು ನೋಡ್ಬೇಕು. ಹೊಸಬರಿಗೆ ನಾನೇ ಹೇಳ್ಕೊಡೋದು ಅದನ್ನ."

"ಮತ್ತೆ ಇಲ್ಲಿ?"

ಶ್ವಾಸಕೋಶದ ಸೋಂಕು ಮಗಳನ್ನು ಇಲ್ಲಿಗೆ ತಂದು ಹಾಕಿದಾಗಿನಿಂದ ಅವನು ನೋಡಿದ್ದೆಲ್ಲ ಅಂಕಿಗಳನ್ನೇ. ಹೆಂಡತಿ ಮನೆಯಲ್ಲಿ ಎಳೆಗೂಸನ್ನು ಬಿಟ್ಟಿರಲು ಆದಷ್ಟು ಹೊತ್ತು ಮಾತ್ರ ಬಂದು ಹೋಗುತ್ತಿದ್ದಳು. ಉಳಿದ ಹೊತ್ತೆಲ್ಲ ಅವನದೇ ಕಾವಲು. ಬಾಯಿಗೆ ಉಸಿರಾಟದ ಟ್ಯೂಬು, ಕೈಗೆ ಸೂಜಿ, ಮೈಯೆಲ್ಲ ವೈರು. ಯಾವುದು ಕಳಚೀತೋ ಎಂದು ಅವಳನ್ನು ಮುಟ್ಟಿಯೂ ಇರಲಿಲ್ಲ. ನಿಜ ಹೇಳಬೇಕೆಂದರೆ, ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಓಡಾಡುತ್ತಿದ್ದ ಹುಡುಗಿ ನಿದ್ದೆಯ ಔಷಧಿಯಲ್ಲಿ ಹೀಗೆ ಸುಮ್ಮನೆ ಬಿದ್ದಿರುವುದನ್ನು ನೋಡಲಾರದೆ ಅವನು ಆ ಅಂಕಿಗಳ ಹಿಂದೆ ಅವಿತುಕೊಂಡಿದ್ದ.

ದೊಡ್ಡಕ್ಕ ಕುರ್ಚಿಯನ್ನು ಮಾನಿಟರ್‌ಗೆ ಬೆನ್ನು ಮಾಡಿ ಇಟ್ಟರು. ಅದನ್ನು ನೋಡಲು ನಾವಿದ್ದೇವೆ, ನೀವು ಮಗಳನ್ನು ನೋಡಿ ಎಂದರು. ಬರೀ ಬುದ್ಧಿ ಹೇಳಿ ಹೋಗುವ ಹೆಂಗಸಲ್ಲ ಆಕೆ. ಕೈ ತೊಳೆಸಿ ಕೆಲಸಕ್ಕೇ ಹಚ್ಚಿದರು. ಒದ್ದೆ ಬಟ್ಟೆಯ ಚೂರಿನಲ್ಲಿ ತುಟಿ, ಒಸಡು ಒರೆಸುವುದು, ಹಿಮ್ಮಡಿ ಹುಣ್ಣಾಗದಂತೆ ಕಾಲಡಿಗೆ ದಿಂಬು ಕೊಡುವುದು, ಮಗ್ಗುಲು ಬದಲಿಸುವಾಗ ಬೆನ್ನಿಗೆ ಕೈ ಆನಿಸುವುದು. ಪ್ರತಿ ಸಲವೂ ಅವರು ಮೊದಲು ಮಗುವಿನ ಕಿವಿಯ ಬಳಿ ಬಗ್ಗಿ, "ಚಿನ್ನಮ್ಮ, ಈಗ ಬಲಕ್ಕೆ ತಿರುಗಿಸ್ತೀವಿ" ಎಂದು ಹೇಳಿಯೇ ಮುಟ್ಟುತ್ತಿದ್ದರು.

ಅವಳಿಗೆ ಕೇಳಿಸುತ್ತದೆಯೇ ಎಂದು ಅವನು ಒಂದು ದಿನ ಕೇಳಿದ.

"ಕೇಳಿಸುತ್ತೋ ಇಲ್ವೋ. ಹೇಳದೆ ಮುಟ್ಟೋದು ಮರ್ಯಾದೆ ಅಲ್ಲ."

ಅವನೂ ಕೈಕೆಸರು ಮಾಡಿಕೊಂಡು ದುಡಿಯುವವನೇ. ಅದೇ ಕೆಲಸವನ್ನು ದಿನವೆಲ್ಲ ಮಾಡುವಾಗ ಕೈ ಎಲ್ಲಿ ಅಸಡ್ಡೆ ಮಾಡುತ್ತದೆ ಎಂಬುದು ಅವನಿಗೆ ಗೊತ್ತು. ಈ ಕೈ ಎಲ್ಲಿಯೂ ಅಸಡ್ಡೆ ಮಾಡಲಿಲ್ಲ. ಕೂತು ಊಟ ಮಾಡಲೂ ಪುರುಸೊತ್ತಿಲ್ಲದ ಆ ಹೆಂಗಸು ಮಗ್ಗುಲು ಬದಲಿಸಿದ ಮೇಲೆ, ಮಡಿಸಿಕೊಂಡ ಕಿವಿಯನ್ನು ಬಿಡಿಸಿ ಹೋಗುವುದನ್ನು ಒಮ್ಮೆಯೂ ಮರೆಯಲಿಲ್ಲ. ಔಷಧಿ ಕೊಡುವವರು ಡಾಕ್ಟರು, ಸರಿ. ಆ ಔಷಧಿ ನಾಟುವವರೆಗೆ ಮಗುವನ್ನು ಹಿಡಿದು ನಿಂತವರು ಇವರು ಎಂದುಕೊಂಡ.

ಡಾಕ್ಟರು ನಿದ್ದೆಯ ಔಷಧಿಯನ್ನು ಕಡಿಮೆ ಮಾಡುತ್ತಾ ಬಂದಿದ್ದರು. ಅಂಥ ಒಂದು ಬೆಳಿಗ್ಗೆ ದೊಡ್ಡಕ್ಕ ಬಾಚಣಿಗೆ ತಂದರು. ತಲೆ ಕಾಗೆಗೂಡಾಗಿದೆ, ಎದ್ದ ಮೇಲೆ ನಮ್ಮನ್ನೇ ಬೈತಾಳೆ ಎಂದರು. ಅವರು ಟ್ಯೂಬನ್ನು ಅಲುಗದಂತೆ ಹಿಡಿದರು, ಅವನು ಸಿಕ್ಕು ಬಿಡಿಸಿದ. ಮನೆಯಲ್ಲಿ ಅವನು ಜಡೆಗೆ ಕೈ ಹಾಕಿದರೆ ಸಾಕು, ಅವಳು ರಂಪ ಮಾಡುತ್ತಿದ್ದಳು. ಇವತ್ತು ಕೇಳುವವರಿಲ್ಲವಲ್ಲ, ಮೂರು ಎಳೆ ಎತ್ತಿ ಹೇಗೋ ಹೆಣೆದು ಭುಜದ ಮೇಲೆ ತಂದ. ಜಡೆ ಕಿವಿಯ ಹತ್ತಿರವೇ ಸೊಟ್ಟಗಾಗಿತ್ತು. ಇನ್ನು ತುದಿ ಕಟ್ಟುವುದಷ್ಟೇ, ತಲೆ ಅಲುಗಿಸಬೇಡಿ, ಅವಳ ಕೈಗಳ ಮೇಲೆ ಕಣ್ಣಿರಲಿ, ಎಚ್ಚರವಾದ ಮಕ್ಕಳು ಮೊದಲು ಕಿತ್ತುಹಾಕುವುದು ಟ್ಯೂಬನ್ನೇ ಎಂದು ಎಚ್ಚರಿಸಿ ದೊಡ್ಡಕ್ಕ ಪಕ್ಕದ ಮಂಚಕ್ಕೆ ಹೋದರು.

ಅವನು ಬ್ಯಾಂಡೇಜಿನ ಚೂರಿನಿಂದ ತುದಿ ಬಿಗಿಯುತ್ತಿದ್ದಂತೆ ಬೆನ್ನ ಹಿಂದೆ ಮಾನಿಟರ್ ಕಿರುಚಿತು.

"ನಂಬರ್ ಎಷ್ಟಿದೆ?" ಪಕ್ಕದ ಮಂಚದಿಂದ ಬರುತ್ತಲೇ ದೊಡ್ಡಕ್ಕ ಕೇಳಿದರು.

"ನೋಡ್ಲಿಲ್ಲ ಸಿಸ್ಟರ್." ಅವನು ಮಗಳ ಮುಖದಿಂದ ಕಣ್ಣು ಕೀಳಲಿಲ್ಲ. "ತುಟಿ ಕೆಂಪಗೇ ಇದೆ. ಹುಬ್ಬು ಗಂಟಿಕ್ಕಿದಾಳೆ."

ಅರೆತೆರೆದ ಕಣ್ಣುಗಳು ಅವನನ್ನೇ ನೋಡುತ್ತಿದ್ದವು. ಹಾಸಿಗೆಯ ಮೇಲಿದ್ದ ಪುಟ್ಟ ಕೈ ನಡುಗುತ್ತಾ ಎದ್ದಿತು, ಬಾಯಿಯ ಕಡೆಗೇ ಬಂತು. ದೊಡ್ಡಕ್ಕ ಆ ಕೈಯನ್ನು ಹಿಡಿಯಲಿಲ್ಲ. ಟ್ಯೂಬಿನ ಮೇಲೆ ತಮ್ಮ ಅಂಗೈಯನ್ನು ಅಡ್ಡ ಇಟ್ಟು ಕಾದರು. ಪುಟ್ಟ ಬೆರಳುಗಳು ಅವರ ಅಂಗೈಯನ್ನು ಸವರಿಕೊಂಡು ದಾಟಿದವು, ಕೆನ್ನೆ ದಾಟಿದವು, ಕಿವಿಯ ಹತ್ತಿರ ಸೊಟ್ಟ ಜಡೆಯನ್ನು ಹುಡುಕಿ ಹಿಡಿದವು. ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಅದನ್ನು ಜಗ್ಗಿದವು.

ಮೆಕ್ಯಾನಿಕ್‌ನ ಕಣ್ಣಲ್ಲಿ ನೀರು ಧಾರಾಕಾರ. ದೊಡ್ಡಕ್ಕ ಮಗುವಿನ ಎದೆ ನೋಡಿದರು, ಉಗುರು ನೋಡಿದರು, ಕಟ್ಟಕಡೆಗೆ ಮಾನಿಟರ್ ನೋಡಿ, ಮಗು ಎಚ್ಚರವಾಗಿ ಅಲುಗಿದ್ದಕ್ಕೇ ಕಿರುಚುತ್ತಿದ್ದ ಅದರ ಬಾಯಿ ಮುಚ್ಚಿಸಿದರು. ಬಾಚಣಿಗೆ ಎತ್ತಿ ಅವನ ಕೈಗೆ ಕೊಟ್ಟರು.

"ಬಿಚ್ಚಿ ಯಜಮಾನ್ರೇ, ಇನ್ನೊಂದ್ಸಲ ಹಾಕಿ. ಮೇಡಂಗೆ ಹಿಡಿಸಿಲ್ಲ."