ಕೊಂಡಿಯ ಒಳಮೂಲೆ

ಯಾರು ಬೇಕಾದರೂ ಮಾಡಿಕೊಳ್ಳಬಹುದಾದ ಗಾಲಿಕುರ್ಚಿಯೊಂದಕ್ಕೆ ಬಿಡಿಭಾಗಗಳ ಕ್ಯಾಡ್ ನಕ್ಷೆಯ ಫೈಲನ್ನು ಇಂಟರ್ನೆಟ್ಟಿನಲ್ಲಿ ಹುಡುಕುತ್ತಿದ್ದ ಲಿಸ್ಸಮ್ಮನ ಕೈ ಮೌಸಿನ ಮೇಲೆಯೇ ನಿಂತುಬಿಟ್ಟಿತು. ತೆರೆಯ ಮೇಲಿದ್ದ ಬ್ರೇಕ್ ಕೊಂಡಿಯಲ್ಲಿ, ಕಣ್ಣಿಗೇ ಬೀಳದ ಒಳಮೂಲೆಯನ್ನೂ ಯಾರೋ ದುಂಡಗೆ ತಿದ್ದಿದ್ದರು.

"ಒರೆಸೋರ ಬೆರಳಿಗೆ ಚುಚ್ಚಬಾರದು ಕಣೇ" ಎಂದು ಅವಳಿಗೆ ಹಾಗೆ ಬಿಡಿಸಲು ಕಲಿಸಿದವನು ಅಣ್ಣ. ಅವಳ ಇಚ್ಚಾಯ. ಅಪ್ಪನೊಡನೆ ಜಗಳವಾಡಿ ಅವನು ಕೊಚ್ಚಿಯ ಮನೆ ಬಿಟ್ಟು ಹೋಗಿ ಆರು ವರ್ಷವಾಗಿತ್ತು. ಒಂದು ಫೋನೂ ಇಲ್ಲ. ಫೈಲಿನ ಮೇಲಿದ್ದುದು ಯಾವುದೋ ಹೆಸರು. ಹಾಕಿದ ತಾರೀಖು ಮಾತ್ರ ಇವತ್ತಿನದು.

"ಸಿಕ್ತಲ್ಲ ಚೇಚಿ! ಒಂದು ಥ್ಯಾಂಕ್ಸ್ ಹಾಕಿ ಇಳಿಸ್ಕೊಳ್ಳಿ, ಇನ್ನೇನು ನೋಡ್ತೀರ?" ಎಂದ ಪಕ್ಕದ ಮೇಜಿನ ಬಿನೀಷ್.

ಲಿಸ್ಸಮ್ಮ ಫೈಲಿನ ಕೆಳಗೆ ಥ್ಯಾಂಕ್ಸ್ ಎಂದು ಬರೆದಳು, ಅಳಿಸಿದಳು. ಆಮೇಲೆ ಮಲಯಾಳದಲ್ಲಿ ಬರೆದಳು: "ಇಚ್ಚಾಯಾ, ಊಟ ಆಯ್ತಾ?"