ಅಕ್ಕನನ್ನು ಕೇಳಿದ ಮಧ್ಯಾಹ್ನ

ಹೊಲಿಗೆ ಯಂತ್ರದ ಎಣ್ಣೆಯ ವಾಸನೆ ಬಂದರೆ ಈಗಲೂ ವಿಜಯವಾಡದ ಪಟಮಟದ ನಮ್ಮ ಬಾಡಿಗೆ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಕ್ಕ ಹತ್ತನೇ ಕ್ಲಾಸಿನಲ್ಲಿದ್ದಳು. ಪುಸ್ತಕ ತೆರೆದರೆ ಅಕ್ಷರಗಳೆಲ್ಲ ಅವಳಿಗೆ ಕಲಸಿಹೋಗುತ್ತಿದ್ದವು. ಅಂದು ಅವಳು ಅಮ್ಮನ ಕೆಟ್ಟುಹೋದ ಯಂತ್ರವನ್ನು ಬಿಚ್ಚಿಕೊಂಡು ಕೂತಿದ್ದಾಗ ಅವಳ ಮುಂದಿನ ಓದಿನ ಬಗ್ಗೆ ಮಾತಾಡಲು ಅವಳ ಟೀಚರ್ ಮನೆಗೆ ಬಂದರು.

"ಪರೀಕ್ಷೆ ಆದಮೇಲೆ ಇವಳನ್ನ ಟೈಪಿಂಗಿಗೆ ಹಾಕ್ತೀನಿ," ಎಂದರು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ಅಪ್ಪ.

"ಅಮ್ಮಾಯಿನಿ ಅಡಿಗಾರಾ ಅಂಡಿ?" ಹುಡುಗಿಯನ್ನು ಕೇಳಿದಿರಾ ಎಂದು ಟೀಚರ್ ತೆಲುಗಿನಲ್ಲಿ ಮೆಲ್ಲಗೆ ವಿಚಾರಿಸಿದರು.

ಯಾರೂ ಕೇಳಿರಲಿಲ್ಲ.

ಅಕ್ಕ ತಲೆ ಎತ್ತಲಿಲ್ಲ. "ಅಲ್ಲೂ ಅಕ್ಷರಾನೇ ಅಲ್ವಾ ಅಪ್ಪ? ನಂಗೆ ಮಿಷನ್ ರಿಪೇರಿ ಕಲೀಬೇಕು."

ಅಪ್ಪ ಅಮ್ಮನ ಮುಖ ನೋಡಿದರು. "ಅವಳು ಬಾಯಿ ಬಿಟ್ಟು ಏನಾದ್ರೂ ಕೇಳಿದ್ದು ಇದೇ ಮೊದಲು ಕಣ್ರೀ," ಎಂದಳು ಅಮ್ಮ.

ಅಪ್ಪ ಟೀಚರ್ ಕಡೆ ತಿರುಗಿದರು. "ಅದನ್ನ ಎಲ್ಲಿ ಕಲಿಸ್ತಾರೆ ಮೇಡಂ?"