ಆರು ಭರಣಿ ಹಸಿರು ನೀರು

ತುಳಸುವಿನ ಮಗಳ ಶವವನ್ನು ಸುಟ್ಟು ಬಂದ ಮೇಲೆ, ತುಳಸುವಿನ ಗಂಡನ ಅಣ್ಣ ಬೊಮ್ಮಯ್ಯನವರು ಪದ್ಧತಿಯಂತೆ ಮನೆಯಲ್ಲಿ ತುಂಬಿಟ್ಟಿದ್ದ ನೀರನ್ನೆಲ್ಲ ಚೆಲ್ಲಿಸಿದರು. ಉಳಿದದ್ದು ಕಿಟಕಿಯ ಬಳಿಯ ಆರು ಗಾಜಿನ ಭರಣಿ. ಅವುಗಳ ಹಸಿರು ನೀರಿನಲ್ಲಿ ಮಗಳು ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯನ್ನು ಬೆಳೆಸುತ್ತಿದ್ದಳು. ಹಿತ್ತಲ ತೊಟ್ಟಿಯಲ್ಲಿ ಅವಳು ಸಾಕಿದ ಬಳಚಿನ ಮರಿಗಳಿಗೆ, ಆ ಪುಟ್ಟ ಚಿಪ್ಪುಜೀವಿಗಳಿಗೆ, ಅದೊಂದೇ ಆಹಾರ.

ತುಳಸು ಭರಣಿಗಳಿಗೆ ಅಡ್ಡ ನಿಂತಳು.

“ಎಂತಾ ಹಟ ಇದು ತುಳಸು? ಪಾಚಿಯೇ ಬೇಕಾದ್ರೆ ಬಾವಿಕಟ್ಟೆ ತುಂಬಾ ಉಂಟಲ್ಲೇ!”

“ಅದನ್ನ ಮರಿ ತಿನ್ನೂದಿಲ್ಲ ಭಾವ. ಇದು ನೀರಲ್ಲ, ಅವುಗಳ ಊಟ. ಚೆಲ್ಲಿದ್ರೆ ಎಲ್ಲಾ ಸಾಯ್ತವೆ.”

“ಸೂತಕದ ಮನೇಲಿ ಊಟಾನೂ ಚೆಲ್ಲೂದೇ.”

“ದಿನಾ ದೀಪ ಹಚ್ಚೂಳು ನಾನು. ದೇವರಿಗೆ ನಾನೇ ಉತ್ತರ ಹೇಳ್ತೆ.”

ಬೊಮ್ಮಯ್ಯನವರ ದನಿ ತಗ್ಗಿತು. “ದೇವರ ಮಾತಲ್ಲ ಮಾರಾಯ್ತಿ. ಹೋಗೂ ಜೀವ ಮನೆಯ ನೀರನ್ನೆಲ್ಲ ಒಮ್ಮೆ ಮುಟ್ಟಿ ಹೋಗ್ತದೆ. ಅದಕ್ಕೇ ಅದನ್ನ ಇಟ್ಕೊಳ್ಳೂಕಾಗೂದಿಲ್ಲ.”

ತುಳಸು ತಿರುಗಿ ಭರಣಿಗಳನ್ನು ನೋಡಿದಳು. “ಇದನ್ನೂ ಮುಟ್ಟಿರ್ತಾಳಾ?”

“ಮುಟ್ಟದೆ ಹೋಗ್ತಾಳಾ?”

“ಹಾಗಿದ್ರೆ ಒಂದು ಹನೀನೂ ಕೊಡೂದಿಲ್ಲ, ಭಾವ.”